ಕೌದಿಯ ಆಚೆ ಅವ್ವ

ನೆಲದ ಮೇಲೆ ಕಾಲು ಚಾಚಿ ಕೂತರೆ ಇವತ್ತಿಗೂ ನನ್ನ ಮೊಣಕಾಲುಗಳು ತಾವಾಗಿಯೇ ಸ್ವಲ್ಪ ಅಗಲವಾಗುತ್ತವೆ, ನಡುವೆ ಒಂದು ಕೂಸು ಮಲಗುವಷ್ಟು. ಸೊಸೆ ನೋಡಿ ನಗುತ್ತಾಳೆ. ಅತ್ತೆಗೆ ಮೊಮ್ಮಕ್ಕಳನ್ನು ಆಡಿಸುವ ಆಸೆ ಇನ್ನೂ ತೀರಿಲ್ಲ ಅಂದುಕೊಂಡಿದ್ದಾಳೆ. ನಾನು ತಿದ್ದಲು ಹೋಗುವುದಿಲ್ಲ. ಈ ರೂಢಿ ನನ್ನ ಕಾಲಿಗೆ ಬಿದ್ದದ್ದು ಮೊಮ್ಮಕ್ಕಳಿಂದಲ್ಲ, ಮಕ್ಕಳಿಂದಲೂ ಅಲ್ಲ. ನಾನಿನ್ನೂ ಲಂಗ ಹಾಕಿಕೊಂಡು ಓಡಾಡುವ ಹುಡುಗಿಯಾಗಿದ್ದಾಗಲೇ ಅದು ಬಂತು, ನನ್ನ ತಮ್ಮ ಶರಣುವಿನಿಂದ. ಅವನು ಹೋಗಿ ಎಷ್ಟೋ ವರ್ಷಗಳಾದವು. ಅವನ ಭಾರ ಮಾತ್ರ ತೊಡೆ ಬಿಟ್ಟು ಹೋಗಿಲ್ಲ.

ನಾವು ಆಗ ಕಲಬುರಗಿಯಲ್ಲಿ, ದರ್ಗಾ ಇರುವ ರೋಜಾದ ಕಡೆ ಹೋಗುವ ಒಂದು ಗಲ್ಲಿಯಲ್ಲಿ ಬಾಡಿಗೆಗೆ ಇದ್ದೆವು. ಒಂದರ ಹಿಂದೆ ಒಂದರಂತೆ ಎರಡು ಕೋಣೆ. ಹಿಂದಿನದರಲ್ಲಿ ಒಲೆ, ನೀರಿನ ಹರವಿ, ದೇವರ ಗೂಡು. ಮುಂದಿನದರಲ್ಲಿ ಶಹಾಬಾದಿ ಕಲ್ಲಿನ ನೆಲ, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಅಲ್ಲಿಯೇ ಶರಣು ದಿನವಿಡೀ ಮಲಗಿರುತ್ತಿದ್ದ. ಅಪ್ಪ ತೊಗರಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಸಂಜೆ ಬರುವಾಗ ಅವನ ಧೋತರದ ತುಂಬ ಕಾಳಿನ ಧೂಳು. ಶರಣುವಿಗೆ ಐದು ತುಂಬಿದ್ದರೂ ಕತ್ತು ನಿಲ್ಲುತ್ತಿರಲಿಲ್ಲ. ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಏರುತ್ತಿದ್ದವು. ಮಾತು ಬರುತ್ತಿರಲಿಲ್ಲ, ಆದರೆ ದನಿಗಳಿದ್ದವು. ಹಸಿವಾದಾಗ ಒಂದು, ಸಿಟ್ಟು ಬಂದಾಗ ಒಂದು. ಇನ್ನೊಂದು ದನಿಯಿತ್ತು, ಗಂಟಲಿನ ಆಳದಿಂದ ಬರುವ ಮೆತ್ತಗಿನ ಗುನುಗು. ಅದು ಅವ್ವ ಹತ್ತಿರ ಬಂದಾಗ ಮಾತ್ರ ಬರುತ್ತಿತ್ತು. ನಾನು ಎಷ್ಟು ಗೋಗರೆದರೂ, ಕುಣಿದರೂ, ನನಗೆ ಆ ದನಿ ಸಿಕ್ಕಿರಲಿಲ್ಲ. ನನಗೆ ಅದರ ಹೊಟ್ಟೆಕಿಚ್ಚು ಇತ್ತು, ಇಲ್ಲ ಎಂದು ಯಾಕೆ ಹೇಳಲಿ.

ಅವನಿಗೆ ಉಣಿಸುವುದೇ ಅವ್ವನ ದಿನದ ದೊಡ್ಡ ಕೆಲಸ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಹಾಲು ಹಾಕಿ, ಒಂದು ಕಾಳೂ ಉಳಿಯದಂತೆ ಬೆರಳಿನಿಂದ ಕಿವುಚುತ್ತಿದ್ದಳು. ಗೋಡೆಗೆ ಒರಗಿ ಕಾಲು ಚಾಚಿ ಕೂತು, ಅವನನ್ನು ಎರಡು ಕಾಲುಗಳ ನಡುವೆ ಮಲಗಿಸಿ, ತಲೆಯನ್ನು ಎಡತೊಡೆಯ ಮೇಲೆ ಎತ್ತರಿಸಿ ಇಟ್ಟುಕೊಂಡು, ಸೆರಗನ್ನು ಅವನ ಗದ್ದದ ಕೆಳಗೆ ಸಿಕ್ಕಿಸುತ್ತಿದ್ದಳು. ತುತ್ತು ಬಾಯಿಗಿಟ್ಟು ಗಂಟಲನ್ನು ಮೇಲಿನಿಂದ ಕೆಳಕ್ಕೆ ಹೆಬ್ಬೆರಳಿನಲ್ಲಿ ಸವರಿದರೆ ನುಂಗುತ್ತಿದ್ದ. ಈ ಸವರುವ ಉಪಾಯ ಹೇಳಿಕೊಟ್ಟವಳು ಎದುರು ಮನೆಯ ಮುಸಲ್ಮಾನರ ಖಾಲಾ. ಗಂಡ ತೀರಿಹೋದ, ಮಕ್ಕಳಿಲ್ಲದ ಹೆಂಗಸು. ಮಧ್ಯಾಹ್ನ ನಮ್ಮ ಹೊಸ್ತಿಲ ಮೇಲೆ ಕೂತು ಎಲೆ ಮಡಚುತ್ತ ಅವ್ವನಿಗೆ ಹೇಳುತ್ತಿದ್ದಳು:

“ಜಲ್ದಿ ಮಾಡಬ್ಯಾಡ ಬೇಟಿ. ಆಹಿಸ್ತಾ ಸವರು. ಅಂವ ತಾನೇ ನುಂಗ್ತಾನ.”

ಅವ್ವನಿಗೆ ಮತ್ತೆ ದಿನ ನಿಂತದ್ದು ಆ ಚಳಿಗಾಲದಲ್ಲಿ. ಬಸುರಾದರೆ ಹೆಂಗಸರ ಮುಖದಲ್ಲಿ ಕಳೆ ಬರುತ್ತದೆ ಎನ್ನುತ್ತಾರೆ. ಅವ್ವನ ಮುಖದಲ್ಲಿ ನಾನು ಕಂಡದ್ದು ಬರೀ ಭಯ. ಹೊಟ್ಟೆಯ ಮೇಲೆ ಕೈ ಇಡುವವಳು, ಶರಣುವನ್ನು ನೋಡುವವಳು, ತಟ್ಟನೆ ಕೈ ತೆಗೆಯುವವಳು. ಅದೇ ಹೊತ್ತಿಗೆ ಊರಿನ ಗಾಳಿಯೂ ಕೆಟ್ಟಿತ್ತು. ನಿಜಾಮನ ಕಡೆಯ ರಜಾಕಾರರು ಕವಾಯತು ಮಾಡುತ್ತ ನಮ್ಮ ಗಲ್ಲಿಯ ಬಾಯಿಂದ ಹೋಗುತ್ತಿದ್ದರು. ಹಳ್ಳಿಗಳಿಂದ ದಿನಕ್ಕೊಂದು ಸುದ್ದಿ ಬರುತ್ತಿತ್ತು, ದೊಡ್ಡವರು ನಮ್ಮನ್ನು ಕಂಡ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಅಪ್ಪ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಕೊನೆಗೆ ಬೇಸಿಗೆ ಏರುವ ಹೊತ್ತಿಗೆ ಅವ್ವನನ್ನು, ಶರಣುವನ್ನು, ನನ್ನನ್ನು ಬಂಡಿಯಲ್ಲಿ ಕೂರಿಸಿ ಕಮಲಾಪುರಕ್ಕೆ, ತನ್ನ ತಾಯಿಯ ಹತ್ತಿರ ಕಳಿಸಿದ. ಖಾಲಾ ಬಂಡಿಯ ಹತ್ತಿರ ಬಂದು ಶರಣುವಿನ ಗಂಟಲನ್ನು ಒಮ್ಮೆ ಸವರಿ ಒಳಗೆ ಹೋದಳು.

ಕಮಲಾಪುರದ ಮನೆ ಮಣ್ಣಿನ ಮಾಳಿಗೆಯದು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ತಳದಲ್ಲಿ ನಾನು ಕಾಲು ಮಡಚಿ ಮಲಗಬಹುದಿತ್ತು. ನಡುವೆ ಉದ್ದನೆಯ ಪಡಸಾಲೆ, ಎರಡು ಸಾಲು ಕಂಬ, ಒಂದು ತುದಿಗೆ ಅಡುಗೆಮನೆ, ಇನ್ನೊಂದು ತುದಿಗೆ ದನದ ಕೊಟ್ಟಿಗೆ. ಮೇಲೆ ಬೆಳಕಿಂಡಿಯಿಂದ ಒಂದು ಕಂಬದಂತೆ ಬಿಸಿಲು ಇಳಿಯುತ್ತಿತ್ತು. ಈ ಮನೆಯ ಯಜಮಾನಿ ನಮ್ಮ ಆಯಿ, ಅಪ್ಪನ ತಾಯಿ. ಕಟ್ಟುಮಸ್ತಾದ ಮುದುಕಿ, ಹಣೆ ತುಂಬ ವಿಭೂತಿ, ಮಾತು ಒಂದೇ ಹೊಡೆತದ್ದು. ಬಂಡಿ ಇಳಿದ ಅವ್ವನ ಹೊಟ್ಟೆ ನೋಡಿದಳು, ಅವ್ವನ ಕಂಕುಳಲ್ಲಿದ್ದ ಶರಣುವನ್ನು ನೋಡಿದಳು, ಕಾಲಿಗೆ ನೀರು ಕೊಡುವ ಮೊದಲೇ ಅವನನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಪ್ರೀತಿಯಿಂದ ಎಂದು ನಾನು ತಿಳಿದೆ. ಮರುದಿನ ಮಧ್ಯಾಹ್ನ ಪಡಸಾಲೆಯ ನಡುವೆ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು, ಅದರ ಮೇಲೆ ಎರಡಾಳಿನ ದೊಡ್ಡ ಕೌದಿಯೊಂದನ್ನು ಇಳಿಬಿಟ್ಟಳು. ಹಳೆಯ ಸೀರೆಗಳ ತುಂಡು ಹೊಲಿದು ಮಾಡಿದ ಕೌದಿ. ಅಡುಗೆಮನೆಯ ಕಡೆ ಅವ್ವ, ಕೊಟ್ಟಿಗೆಯ ಕಡೆ ಶರಣು.

“ಬಸುರಿ ಕಣ್ಣಿಗಿ ಬಿದ್ದದ್ದು ಹೊಟ್ಟಿಗಿ ಇಳೀತದ,” ಎಂದಳು ಆಯಿ. “ಇಂವ ಹೊಟ್ಟ್ಯಾಗ ಇದ್ದಾಗ ಉರುಸಿಗಿ ಹೋಗಿ ಆ ಕುಂಟ ಫಕೀರಗ ರೊಟ್ಟಿ ಕೊಟ್ಟಿ. ಕೊಟ್ಟು ಸುಮ್ಮ ಬರಲಿಲ್ಲ, ನಿಂತು ಅವನ ಕಾಲು ನೋಡಿದಿ. ನೀನೇ ಹೇಳಿದ್ದಿ ನನಗ. ಈಗ ದಿನಾ ಇದನ್ನೇ ನೋಡ್ಕೋತ ಕೂತ್ರ ಬರೋ ಕೂಸಿಂದು ಏನ್ ಗತಿ?”

“ಅಂವಗ ಉಣಸೋರು ಯಾರ್ರೀ ಅತ್ತಿ?”

“ನಾ ಅದೀನಿ. ನೀಲಾ ಇದ್ದಾಳ,” ಆಯಿ ನನ್ನ ಕಡೆ ಕೈ ಮಾಡಿದಳು. “ಹಡಿಯೋತನಾ ಅಂವನ ಮಾರಿ ನೋಡಬ್ಯಾಡ. ನಿನ್ನ ದನೀನೂ ಅಂವಗ ಕೇಳಬಾರ್ದು. ಕೇಳಿದ್ರ ಅಳ್ತಾನ, ನಿಂಗ ತಡಿಯಾಂಗಿಲ್ಲ.”

ಅವ್ವ ಜಗಳ ಮಾಡಬಲ್ಲವಳು. ಕಲಬುರಗಿಯಲ್ಲಿ ಮನೆಯ ಮಾಲಕನನ್ನು ಬಾಗಿಲಲ್ಲಿ ನಿಲ್ಲಿಸಿ ಬೆವರಿಳಿಸಿದ್ದನ್ನು ನಾನು ನೋಡಿದ್ದೆ. ಈಗಲೂ ಹಾಗೆ ಮಾಡುತ್ತಾಳೆ, ಕೌದಿಯನ್ನು ಎಳೆದು ಬಿಸಾಡುತ್ತಾಳೆ ಎಂದು ಕಾದೆ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಬೆನ್ನ ಹಿಂದೆ ಹೋಗಿ ಕೇಳಿದೆ:

“ಯವ್ವಾ, ಖರೇನ ನೀ ನೋಡಿದ್ದಕ್ಕ ಶರಣು ಹಿಂಗಾದ?”

“ಗೊತ್ತಿಲ್ಲವ್ವ,” ಎಂದಳು ಹಿಟ್ಟು ಜರಡಿ ಹಿಡಿಯುತ್ತ. “ಗೊತ್ತಿಲ್ಲಂತನೇ ಅಂಜಿಕಿ.”

ಆಗ ನನಗೆ ಆಯಿಯ ಮೇಲೆ ಬಂದ ಸಿಟ್ಟು ಇಡೀ ಬೇಸಿಗೆ ಆರಲಿಲ್ಲ. ಆದರೆ ಆಯಿ ಕೆಟ್ಟವಳಲ್ಲ, ಇದನ್ನು ಹೇಳದಿದ್ದರೆ ನ್ಯಾಯವಾಗದು. ಶರಣುವಿನ ಮಲ ಮೂತ್ರ ಬಳಿಯಲು ಆಳಿಗೆ ಹೇಳುತ್ತಿರಲಿಲ್ಲ, ತಾನೇ ಮಾಡುತ್ತಿದ್ದಳು. ತಂಪು ಹೊತ್ತಿನಲ್ಲಿ ಹೆಗಲ ಮೇಲೆ ಹಾಕಿಕೊಂಡು ಬಾಳೆಯ ತೋಟದ ತನಕ ನಡೆಯುತ್ತಿದ್ದಳು. ಆ ವಯಸ್ಸಿನಲ್ಲಿ, ಆ ಭಾರ ಹೊತ್ತು. ಅವಳು ಹೆದರಿದ್ದಳು ಅಷ್ಟೇ. ಹೆದರಿದವರ ಕೈಯಲ್ಲಿ ಮನೆ ಸಿಕ್ಕರೆ ಹೀಗೆಯೇ ಆಗುತ್ತದೆ, ಇದನ್ನು ನಾನು ಮುಂದೆ ನನ್ನ ಮನೆಯಲ್ಲೂ ಕಂಡಿದ್ದೇನೆ.

ಆದರೆ ಶರಣು ಉಣ್ಣಲಿಲ್ಲ. ಆಯಿ ತುತ್ತು ಇಟ್ಟರೆ ಹಲ್ಲು ಕಚ್ಚಿದ, ನಾನಿಟ್ಟರೆ ಉಗುಳಿದ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಿವುಚಿ ತುಟಿಗೆ ಸವರಿದರೆ ನಾಲಗೆಯಿಂದ ಹೊರಗೆ ತಳ್ಳಿದ. ನೀರನ್ನು ಬಟ್ಟೆಯಲ್ಲಿ ಅದ್ದಿ ಹಿಂಡುತ್ತಿದ್ದೆವು. ನೆಲದ ಮೇಲೆ ಮಲಗಿರುತ್ತಿದ್ದ ಅವನಿಗೆ ನಮಗ್ಯಾರಿಗೂ ಕಾಣದ್ದು ಕಾಣುತ್ತಿತ್ತು: ಕೌದಿಯ ಅಂಚಿನ ಕೆಳಗೆ ಅವ್ವನ ಪಾದ, ಬೆಳ್ಳಿಯ ಕಾಲುಂಗುರ. ಅತ್ತ ಹೊರಳಿ, ಭುಜದಿಂದ ತನ್ನನ್ನು ತಳ್ಳಿಕೊಂಡು, ದಿನಕ್ಕೆ ಅಂಗೈಯಷ್ಟು ದೂರ ಸರಿಯುತ್ತಿದ್ದ. ಆಯಿಗೆ ಅದು ಗೊತ್ತಾದ ದಿನ ಕೌದಿಯ ಬುಡಕ್ಕೆ ಜೋಳದ ಚೀಲಗಳನ್ನು ಸಾಲಾಗಿ ಇಟ್ಟಳು. ಪಾದ ಮುಚ್ಚಿತು. ಅವತ್ತಿನಿಂದ ಅವನು ಅಳುವುದನ್ನೂ ಬಿಟ್ಟ. ಅಳು ನಿಂತದ್ದು ಒಳ್ಳೆಯದಲ್ಲ ಎಂದು ನನಗೂ ತಿಳಿಯಿತು. ಪಕ್ಕೆಲುಬು ಎಣಿಸುವಂತಾಗಿದ್ದವು.

ಇದರ ಜೊತೆಗೆ ಆಯಿ ಇನ್ನೊಂದು ಮಾಡಿದಳು. ಬೆಳಿಗ್ಗೆ ಅವ್ವ ಎದ್ದ ಕೂಡಲೇ ಕಣ್ಣಿಗೆ ಒಳ್ಳೆಯದು ಬೀಳಲಿ ಎಂದು ಗೌಡರ ಮನೆಯ ಗುಂಡು ಗುಂಡಾದ ಗಂಡುಕೂಸನ್ನು ಎತ್ತಿಕೊಂಡು ಬಂದು ಅವ್ವನ ಮಡಿಲಲ್ಲಿ ಇಡುತ್ತಿದ್ದಳು. ಆ ಕೂಸು ಕೇಕೆ ಹಾಕಿ ನಗುತ್ತಿತ್ತು. ಅವ್ವನೂ ದನಿ ತೆಗೆಯದೆ ಅದನ್ನು ಆಡಿಸಲೇಬೇಕು, ಆಯಿ ಎದುರಿಗೇ ಕೂತಿರುತ್ತಿದ್ದಳು. ಕೌದಿಯ ಈಚೆ ಶರಣು ಆ ನಗುವನ್ನು ಕೇಳುತ್ತ ಮಾಳಿಗೆಯ ಜಂತಿ ನೋಡುತ್ತಿದ್ದ. ಯಾರ ಕೂಸಾದರೂ ಕೂಸೇ, ಅದರ ತಪ್ಪೇನು. ಆದರೂ ಅದನ್ನು ಹೋಗಿ ಚಿವುಟಿ ಬರಬೇಕೆನಿಸುತ್ತಿತ್ತು ನನಗೆ.

ಒಂದು ದಿನ ಮಧ್ಯಾಹ್ನ ಆಯಿ ಹೊಲಕ್ಕೆ ಹೋಗಿದ್ದಳು. ಹಗ್ಗದ ಮೇಲಿನಿಂದ ಒಂದು ಸೀರೆ ಈಚೆಗೆ ಇಳಿಯಿತು. ಕಲಬುರಗಿಯಲ್ಲಿ ಅವ್ವ ದಿನಾ ಉಡುತ್ತಿದ್ದ ಕರಿಸೀರೆ, ಕೆಂಪು ದಡಿಯದು. ಮೈಯ ಬಿಸಿ ಇನ್ನೂ ಆರಿರಲಿಲ್ಲ. ಚೀಲಗಳ ಆಚೆಯಿಂದ ಅವ್ವ ಪಿಸುಗುಟ್ಟಿದಳು:

“ಉಟ್ಕೋ ನೀಲಾ. ಸೆರಗು ಅಂವನ ಗದ್ದದ ಬುಡಕ ಹಾಕು. ಒಗೀಬ್ಯಾಡ ಮತ್ತ.”

ನನ್ನ ಲಂಗದ ಮೇಲೆಯೇ ಸುತ್ತಿಕೊಂಡೆ. ಅರ್ಧ ಸೀರೆ ನೆಲದ ಮೇಲೆ. ಕಾಲು ಚಾಚಿ ಕೂತು, ಅವನನ್ನು ಎಳೆದು ನಡುವೆ ಮಲಗಿಸಿಕೊಂಡು, ತಲೆಯನ್ನು ತೊಡೆಗೆ ಏರಿಸಿದೆ. ತೊಡೆ ಸಾಲಲಿಲ್ಲ, ಕೆಳಗೆ ದಿಂಬಿಟ್ಟೆ. ಸೆರಗನ್ನು ಗದ್ದದ ಕೆಳಗೆ ತುರುಕಿದೆ. ಅವನು ಮೂಗನ್ನು ಸೆರಗಿಗೆ ಒತ್ತಿ ಉಸಿರೆಳೆದ. ಅದರಲ್ಲಿ ಒಲೆಯ ಹೊಗೆ, ಬೆವರು, ಜೋಳದ ಹಿಟ್ಟು, ಅವ್ವನ ತಲೆಯ ಎಣ್ಣೆ ಎಲ್ಲವೂ ಇತ್ತು. ಮುಖ ಎತ್ತಿ ನನ್ನನ್ನು ನೋಡಿದ, ಗೊಂದಲಗೊಂಡ, ಮತ್ತೆ ಮೂಗು ಒತ್ತಿದ. ತುತ್ತು ಇಟ್ಟೆ. ಕಚ್ಚಿದ ಹಲ್ಲು ಸಡಿಲಿಸಿದ. ಗಂಟಲು ಸವರಿದೆ, ಬಹಳ ನಿಧಾನ, ಖಾಲಾ ಹೇಳಿದಂತೆ. ಇಳಿಯಿತು. ಚೀಲಗಳ ಆಚೆ ಅವ್ವ ಉಸಿರು ಹಿಡಿದು ಕೂತಿದ್ದಳೆಂದು ಕಾಣುತ್ತದೆ, ಆ ತುತ್ತು ಇಳಿದಾಗ ಅವಳ ಬಳೆ ಸಪ್ಪಳವಾಯಿತು.

ಆಯಿಗೆ ಗೊತ್ತಾಯಿತು, ಗೊತ್ತಾಗದೇ ಇರುತ್ತದೆಯೇ. ಸೀರೆಯನ್ನು ನೋಡಿದಳು, ಖಾಲಿ ಬಟ್ಟಲನ್ನು ನೋಡಿದಳು, ಕೈಕಾಲು ತೊಳೆಯಲು ಹೋದಳು. ಅಂದಿನಿಂದ ಅದು ಮನೆಯ ರೂಢಿಯಾಯಿತು. ನಾಲ್ಕು ದಿನ ಸೀರೆ ನನ್ನ ಮೈಮೇಲೆ, ವಾಸನೆ ಇಳಿದಂತಾದರೆ ಹಗ್ಗದ ಆಚೆಗೆ ಎಸೆಯುತ್ತಿದ್ದೆ. ಅವ್ವ ಉಟ್ಟು, ಒಲೆಯ ಮುಂದೆ ಕೂತು, ಬೆವರಿ, ಮತ್ತೆ ಈಚೆಗೆ ಇಳಿಸುತ್ತಿದ್ದಳು. ತಾಯಿ ಮಗನ ನಡುವೆ ಹೋಗಿ ಬರುತ್ತಿದ್ದದ್ದು ಅದೊಂದೇ. ನನ್ನ ವಾರಿಗೆಯ ಹುಡುಗಿಯರು ಬಾಗಿಲಲ್ಲಿ ನಿಂತು ಕುಂಟಾಟಕ್ಕೆ ಕರೆಯುತ್ತಿದ್ದರು. ನನ್ನ ಅವತಾರ ನೋಡಿ ಮುಸಿಮುಸಿ ನಗುತ್ತಿದ್ದರು. “ಮುದಿಕಿ ಬಂದಳ” ಎನ್ನುತ್ತಿದ್ದರು. ಮೊದಮೊದಲು ಅಳು ಬಂತು. ಆಮೇಲೆ ಅವರು ಕರೆಯುವುದನ್ನು ಬಿಟ್ಟರು, ನಾನೂ ಬಾಗಿಲ ಕಡೆ ನೋಡುವುದನ್ನು ಬಿಟ್ಟೆ. ನನ್ನ ಮಾತು ಗಡಸು, ಸ್ವಭಾವ ಮೊಂಡು ಎಂದು ಎಲ್ಲರೂ ಹೇಳುತ್ತಾರೆ. ಆ ಬೇಸಿಗೆಯಲ್ಲಿ ಮೆತ್ತಗಿದ್ದಿದ್ದರೆ ನಾನು ಇನ್ಯಾರೋ ಆಗಿರುತ್ತಿದ್ದೆ.

ಮಳೆ ಹಿಡಿದ ಮೇಲೆ ಅವ್ವನಿಗೆ ಸೀಮಂತದ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಐದು ಮಂದಿ ಮುತ್ತೈದೆಯರ ಹಾಡು, ಮಗ್ಗುಲಲ್ಲಿ ಗೌಡರ ಮನೆಯ ಅದೇ ಕೂಸು. ನನ್ನನ್ನೂ ಶರಣುವನ್ನೂ ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಹೋಳಿಗೆಯ ವಾಸನೆ ಅಲ್ಲಿಗೂ ಬರುತ್ತಿತ್ತು. ಆಯಿ ತಟ್ಟೆ ತಂದುಕೊಟ್ಟಳು. ನಾನು ತಿನ್ನುವುದಿಲ್ಲ ಎಂದು ಮುಖ ತಿರುಗಿಸಿದೆ, ಅವಳು ಹೋದ ಮೇಲೆ ಹೂರಣ ಬಿಡಿಸಿ, ಹಾಲಿನಲ್ಲಿ ಕಲಸಿ ಶರಣುವಿಗೆ ಉಣಿಸಿದೆ. ಸಿಹಿ ತಾಕಿದ ಕೂಡಲೇ ಅವನ ಕಣ್ಣು ಅಗಲವಾದವು. ಅವನ ತುಟಿಯ ಸುತ್ತ ಹತ್ತಿದ್ದನ್ನು ಸೆರಗಿನಿಂದ ಒರೆಸಿದೆ.

ತೊಗರಿ ಮೊಣಕಾಲೆತ್ತರ ಬೆಳೆದಿದ್ದಾಗ ಒಂದು ದಿನ ಆಕಾಶದಲ್ಲಿ ವಿಮಾನ ಹೋಯಿತು. ಹಿಂದೂಸ್ತಾನದ ದಂಡು ಬಂತು, ನಿಜಾಮನ ಆಟ ಮುಗಿಯಿತು ಎಂದು ಗಂಡಸರು ಮಾಳಿಗೆ ಹತ್ತಿದರು. ಹುಮನಾಬಾದ್ ರಸ್ತೆಯಲ್ಲಿ ಲಾರಿಗಳ ಧೂಳು ಕಾಣುತ್ತದೆಂದು ಕೂಗಿದರು. ಅದನ್ನೇ ಮುಂದೆ ಪೋಲೀಸ್ ಆಕ್ಷನ್ ಎಂದರು. ಆಯಿಗೆ ನಿಜಾಮನೂ ಬೇಕಿರಲಿಲ್ಲ, ದಂಡೂ ಬೇಕಿರಲಿಲ್ಲ, ಕಲಬುರಗಿಯಲ್ಲಿದ್ದ ಮಗ ಬದುಕಿದ್ದಾನೆಂಬ ಸುದ್ದಿ ಬೇಕಿತ್ತು. ಅದು ಬರಲಿಲ್ಲ. ಆ ಕಳವಳದಲ್ಲೇ, ಜೋಳದ ಬಿತ್ತನೆಯ ಹೊತ್ತಿಗೆ, ಅವ್ವನಿಗೆ ಬೇನೆ ಬಂತು. ಶರಣುವಿನ ಹೊತ್ತಿನಲ್ಲಿ ಎರಡು ದಿನ ಒದ್ದಾಡಿದ್ದಳಂತೆ, ಕೂಸು ಅತ್ತಿರಲಿಲ್ಲವಂತೆ. ಈ ಸಲ ಸೂಲಗಿತ್ತಿ ಬಂದು ಸೀರೆ ಬಿಗಿಯುವಷ್ಟರಲ್ಲಿ ಕೂಸಿನ ಅಳು ಕೇಳಿತು. ಜೋರು ಅಳು. ಗಂಡು. ಆಯಿ ಕೂಸನ್ನು ಬೆಳಕಿಂಡಿಯ ಕೆಳಗೆ ಹಿಡಿದು ಕೈ ಚಾಚಿ ನೋಡಿದಳು, ಕಾಲು ಮಡಚಿ ನೋಡಿದಳು, ಕತ್ತಿನ ಹಿಂದೆ ಬೆರಳಿಟ್ಟು ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತು ಗಳಗಳ ಅತ್ತಳು.

“ನೋಡ್ದೇನ ನೀಲಾ, ಪರದಾ ಕಟ್ಟಿದ್ದಕ್ಕ ಉಳೀತು,” ಎಂದಳು. “ನನಗ ಬೈದಿ ನೀ. ಈಗ ಹೇಳು.”

ಆ ಕೂಸು ಹೇಗಿದ್ದರೂ ಹಾಗೆಯೇ ಹುಟ್ಟುತ್ತಿತ್ತು ಎಂದು ಇವತ್ತು ಹೇಳಬಲ್ಲೆ. ಆಯಿ ಸಾಯುವ ತನಕ ಅವಳನ್ನು ಮಾತ್ರ ಯಾರಿಂದಲೂ ಹಾಗೆ ಹೇಳಿ ಒಪ್ಪಿಸಲಾಗಲಿಲ್ಲ. ಅವ್ವ ಬಾಣಂತಿ ಕೋಣೆ ಸೇರಿದಳು. ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಅಜವಾನದ ಹೊಗೆ ಹಾಕುತ್ತಿದ್ದರು. ಬಾಣಂತಿಗೆ ಹಸಿಗಾಳಿ ತಾಕಬಾರದು, ಮೈಲಿಗೆ ಬಟ್ಟೆ ಮುಟ್ಟಬಾರದು ಎಂದು ಸೀರೆಯ ಹೋಗಿಬರುವಿಕೆ ನಿಂತಿತು. ಕರಿಸೀರೆ ನನ್ನ ಮೈಮೇಲೆಯೇ ಉಳಿಯಿತು. ಶರಣು ಉಣ್ಣುತ್ತಲೇ ಇದ್ದ. ಅದರಲ್ಲಿ ಅವ್ವನ ವಾಸನೆ ಯಾವಾಗ ಆರಿ ಹೋಯಿತೋ ನನಗೂ ತಿಳಿಯಲಿಲ್ಲ.

ಅಪ್ಪ ಬಂದದ್ದು ಕೂಸಿಗೆ ಹೆಸರಿಡುವ ಹೊತ್ತಿಗೆ. ಮುಖ ಇಳಿದಿತ್ತು. ಕೂಸನ್ನು ಎತ್ತಿಕೊಂಡ, ನಗಲು ನೋಡಿದ. ಅವ್ವ ಕೋಣೆಯ ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದು ಖಾಲಾನ ಸುದ್ದಿ.

“ದಂಡು ಬಂದ ಮ್ಯಾಲ ಆಕಿ ಮನಿ ಬಾಗಿಲಾ ಮುರದಾರ,” ಎಂದ ಅಪ್ಪ. “ಎಲ್ಲಿ ಹೋಗ್ಯಾಳ ಗೊತ್ತಿಲ್ಲ. ಮುರದೋರು ಹೊರಗಿನವರಲ್ಲ, ನಮ್ಮ ಗಲ್ಲಿಯವರೇ.”

ಅವ್ವ ಬಾಗಿಲು ದಾಟಿ ಪಡಸಾಲೆಗೆ ಬಂದಳು. ಆಮೇಲೆ ಆಯಿಯ ಕಡೆ ತಿರುಗಿ, ಇನ್ನು ಕೌದಿ ತೆಗೀರಿ ಅತ್ತಿ, ಎಂದಳು. ಕೇಳಿದ ರೀತಿಯಲ್ಲಿರಲಿಲ್ಲ, ಹೇಳಿದ ರೀತಿಯಲ್ಲಿತ್ತು. ಆಯಿಯೇ ಹಗ್ಗ ಬಿಚ್ಚಿದಳು. ಅಪ್ಪ ಜೋಳದ ಚೀಲಗಳನ್ನು ಗೋಡೆಗೆ ಸರಿಸಿದ. ಪಡಸಾಲೆ ಒಮ್ಮೆಲೇ ಉದ್ದವಾಗಿ ಕಂಡಿತು, ಅದರ ಆ ತುದಿಯಲ್ಲಿ ಅವ್ವ, ಈ ತುದಿಯಲ್ಲಿ ಶರಣು.

ಅವ್ವ ಕೂಸನ್ನು ಆಯಿಯ ಕೈಗಿತ್ತು ಬಂದಳು. ಬಟ್ಟಲಲ್ಲಿ ತಾನೇ ನುಚ್ಚು ಕಿವುಚಿ ತಂದಿದ್ದಳು. ಮೈಮೇಲೆ ಕುಬಸದ ಹಸಿರು ಸೀರೆ. ಕಾಲು ಚಾಚಿ ಕೂತು ಶರಣುವನ್ನು ನಡುವೆ ಎಳೆದುಕೊಂಡಳು. ಅಷ್ಟು ತಿಂಗಳಾದ ಮೇಲೆ ಮಗನ ಮುಖ ನೋಡಿದಳು, ಹಣೆ, ಕಿವಿ, ಮೂಗು ಒಂದೊಂದಾಗಿ ಮುಟ್ಟಿದಳು, ಅವಳ ಕಣ್ಣೀರು ಅವನ ಕೆನ್ನೆಯ ಮೇಲೆ ಬಿತ್ತು. ಸೆರಗನ್ನು ಗದ್ದದ ಕೆಳಗೆ ಸಿಕ್ಕಿಸಿದಳು. ಶರಣು ಮೂಗು ಒತ್ತಿದ. ಅವ್ವನ ಮೈಯಲ್ಲಿ ಈಗ ಅಜವಾನದ ಹೊಗೆ, ಎದೆಹಾಲು, ಬಾಣಂತಿ ಎಣ್ಣೆ. ಅವನು ಮೂಗು ಹಿಂದೆಗೆದ. ತುತ್ತು ಇಟ್ಟಳು. ಹಲ್ಲು ಕಚ್ಚಿದ.

“ನಾನೋ ಶರಣಾ. ನಿಮ್ಮವ್ವ.”

ಅವನು ಕತ್ತು ಹೊರಳಿಸಿದ. ನಿಲ್ಲದ ಆ ಕತ್ತನ್ನು ಎಷ್ಟು ಕಷ್ಟಪಟ್ಟು ಹೊರಳಿಸಿದ ಎಂಬುದನ್ನು ನೋಡಿದವರಿಗೇ ಗೊತ್ತು. ಕಂಬದ ಹತ್ತಿರ ನಿಂತಿದ್ದ ನನ್ನನ್ನು ಹುಡುಕಿದ. ಕಂಡ ಕೂಡಲೇ ಗಂಟಲಿನ ಆಳದಿಂದ ಆ ದನಿ ತೆಗೆದ. ಹಸಿವಿನದಲ್ಲ, ಸಿಟ್ಟಿನದಲ್ಲ, ಆ ಇನ್ನೊಂದು. ನಾನು ಇಷ್ಟು ವರ್ಷ ಬೇಕು ಬೇಕು ಎಂದು ಹಂಬಲಿಸಿದ್ದು ಬಂದೇ ಬಂತು. ಓಡಿಹೋಗಿ ಎಲ್ಲಾದರೂ ಅಡಗಿಕೊಳ್ಳಬೇಕು ಅನಿಸಿತು. ಆಯಿ ಕೂಸನ್ನು ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಅಪ್ಪ ಹೊರಗೆ ಹೋದ.

ಅವ್ವ ಬಟ್ಟಲನ್ನು ಕೆಳಗಿಟ್ಟಳು. ಕಣ್ಣು ಒರೆಸಿಕೊಂಡಳು. ನನ್ನ ಮುಖ ನೋಡಲಿಲ್ಲ, ನಾನು ಉಟ್ಟಿದ್ದ ಕರಿಸೀರೆಯನ್ನು ನೋಡಿದಳು.

“ಬಿಚ್ಚಿ ಕೊಡು ನೀಲಾ,” ಎಂದಳು. “ಉಟ್ಕೋತೀನಿ.”

“ಹೊಲಸಾಗ್ಯದಬೇ. ಒಗದು ಕೊಡ್ತೀನಿ.”

“ಒಗೀಬ್ಯಾಡ.”

ಬಿಚ್ಚಿ ಕೊಟ್ಟೆ. ಅವ್ವ ನನ್ನ ಬೆವರಿನ ಸೀರೆಯನ್ನು ಹಸಿರು ಸೀರೆಯ ಮೇಲೆಯೇ ಸುತ್ತಿಕೊಂಡಳು, ಸೆರಗನ್ನು ಅವನ ಗದ್ದದ ಕೆಳಗೆ ಇಟ್ಟಳು, ಮತ್ತು ಬಾಯಿ ಬಿಗಿಹಿಡಿದು ಕೂತಳು, ತನ್ನ ದನಿ ಅವನಿಗೆ ಕೇಳದಂತೆ. ಅವನು ಮೂಗು ಒತ್ತಿದ. ಬಾಯಿ ತೆರೆದ.